ಶೇ 14 ಡಿವಿಡೆಂಡ್ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಿವೃತ್ತಿಯ 20 ಲಕ್ಷ ರೂಪಾಯಿ ಇದೆ. ಅಮೆರಿಕದ ಮಾರ್ಟ್‌ಗೇಜ್ ರೀಟ್‌ನಲ್ಲಿ ಹಾಕಿದರೆ ಶೇ 14 ಡಿವಿಡೆಂಡ್, ಅದೂ ತಿಂಗಳು ತಿಂಗಳು ಬರುತ್ತದಂತೆ. ಸರ್ಕಾರದ ಗ್ಯಾರಂಟಿಯೂ ಇದೆಯಂತೆ. ಹಾಕಲಾ? – ಡೊಂಬಿವಲಿಯ ಓದುಗರು

ಬೇಡ. ಇದೇ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಮೊನ್ನೆ ಮಾಟುಂಗಾದಲ್ಲಿ ಒಬ್ಬರು ಮದುವೆ ಕರೆಯೋಲೆಯ ಹಿಂದೆ ಲೆಕ್ಕ ಬರೆದುಕೊಂಡೇ ಬಂದಿದ್ದರು: 20 ಲಕ್ಷ, ಶೇ 14, ತಿಂಗಳಿಗೆ 23,333. ಅಮೆರಿಕದಲ್ಲೇ ಶೇ 25 ತೆರಿಗೆ ಮುರಿದುಕೊಳ್ಳುತ್ತಾರೆ. ಅದರ ಕೆಳಗೆ 17,500 ಅಂತ ಬರೆದುಕೊಟ್ಟೆ. ಇಲ್ಲಿ ತೆರಿಗೆ ಕಟ್ಟುವವರಿಗೆ ಅದರ ಕ್ರೆಡಿಟ್, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಡಿತ, ಸಿಗುತ್ತದೆ, ಕಟ್ಟದವರಿಗೆ ಹೋಯಿತು ಅಂತಲೇ ಲೆಕ್ಕ.

ತೆರಿಗೆ ಸಣ್ಣ ವಿಷಯ. ರೀಟ್ ಅಂದರೆ ಸಾಮಾನ್ಯವಾಗಿ ಕಟ್ಟಡ ಇಟ್ಟುಕೊಂಡು ಅದರ ಬಾಡಿಗೆ ಹಂಚುವ ಸಂಸ್ಥೆ. ಆದರೆ ಈ ಮಾರ್ಟ್‌ಗೇಜ್ ರೀಟ್ ಕಂಪನಿಗಳಿಗೆ ಕಟ್ಟಡವೂ ಇಲ್ಲ, ಬಾಡಿಗೆದಾರರೂ ಇಲ್ಲ. ಅವು ಕೊಳ್ಳುವುದು ಗೃಹಸಾಲದ ಬಾಂಡ್, ಅಂದರೆ ಜನ ಕಟ್ಟುವ ಗೃಹಸಾಲದ ಕಂತಿನಿಂದ ದುಡ್ಡು ಬರುವ ಪತ್ರ. ಸ್ವಂತದ್ದು 1 ಡಾಲರ್ ಇದ್ದರೆ 6-7 ಡಾಲರ್ ಸಾಲ ತಂದು ಕೊಳ್ಳುತ್ತವೆ. ತಂದ ಸಾಲ ಕೆಲವು ದಿನ, ಕೆಲವು ವಾರದ್ದು. ಬಾಂಡ್ ಹೆಚ್ಚಾಗಿ 30 ವರ್ಷದ ಸಾಲಗಳದ್ದು. ಎರಡರ ಬಡ್ಡಿಯ ನಡುವೆ ಉಳಿಯುವುದೇ ನಿಮ್ಮ ಡಿವಿಡೆಂಡ್. 2022ರ ಮಾರ್ಚ್ ಆರಂಭದಲ್ಲಿ ಸೊನ್ನೆಯ ಹತ್ತಿರ ಇದ್ದ ಅಮೆರಿಕದ ಬಡ್ಡಿದರ 2023ರ ಜುಲೈಗೆ ಶೇ 5.25–5.5 ಆಯಿತು. ಸಾಲ ದುಬಾರಿಯಾಯಿತು, ಹೊಸ ಬಾಂಡ್‌ಗೆ ಹೆಚ್ಚು ಬಡ್ಡಿ ಸಿಗುವಾಗ ಕೈಲಿದ್ದ ಹಳೆ ಬಾಂಡ್‌ಗಳ ಬೆಲೆಯೂ ಬಿತ್ತು.

ಗ್ಯಾರಂಟಿ ಇರುವುದು ಬಾಂಡ್‌ನ ಅಸಲು, ಬಡ್ಡಿಗೆ. ನಿಮ್ಮ ಷೇರಿನ ಬೆಲೆಗೆ ಯಾರೂ ಹೊಣೆಯಲ್ಲ. ಎಜಿಎನ್‌ಸಿ ಎಂಬ ದೊಡ್ಡ ಕಂಪನಿಯನ್ನೇ ನೋಡಿ. 2012ರಲ್ಲಿ ಮೂರು ತಿಂಗಳಿಗೆ 1.25 ಡಾಲರ್ ಕೊಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ತಿಂಗಳಿಗೆ 12 ಸೆಂಟ್‌ಗೆ, ಅಂದರೆ ಮೂರು ತಿಂಗಳಿಗೆ 36 ಸೆಂಟ್‌ಗೆ ಇಳಿಸಿತು. 2012ರಲ್ಲಿ 30 ಡಾಲರ್ ಆಸುಪಾಸಿನಲ್ಲಿದ್ದ ಷೇರು ಈಚೆಗೆ 10ರ ಆಸುಪಾಸಿಗೆ ಬಂದಿದೆ. ಬೆಲೆ ಬಿದ್ದಷ್ಟೂ ಶೇಕಡಾ ಲೆಕ್ಕ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ವಾಟ್ಸ್‌ಆ್ಯಪ್‌ನಲ್ಲಿ 'ಡಾಲರ್ ಬಾಡಿಗೆ' ಎಂದು ಮಾರುವವರು ಇದನ್ನು ಹೇಳುವುದಿಲ್ಲ. ಹಿರಿಯರ ದುಡ್ಡಿಗೆ ಹೀಗೆ ಬಲೆ ಹಾಕುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಿಮಗೆ 60 ಆಗಿದ್ದರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗಿ. 30 ಲಕ್ಷದವರೆಗೆ ಹಾಕಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ. ಆಸೆ ತೀರದಿದ್ದರೆ ರೀಟ್‌ಗೆ ಒಂದು ಲಕ್ಷ, ಅದೂ ಪೂರ್ತಿ ಹೋದರೂ ಮನೆ ನಡೆಯುತ್ತದೆ ಎಂದಿದ್ದರೆ.

ಪ್ರಶ್ನೆ: ನಮ್ಮ ಎಂಬಸಿ, ಮೈಂಡ್‌ಸ್ಪೇಸ್ ರೀಟ್‌ಗಳೂ ಇದೇ ತರಾನಾ? – ಮುಲುಂಡ್

ಅಲ್ಲ, ಅವುಗಳದ್ದು ಕಚೇರಿ ಕಟ್ಟಡ, ನಿಜವಾದ ಬಾಡಿಗೆ.

ಪ್ರಶ್ನೆ: ಅಮೆರಿಕದ ಷೇರು ಸ್ವಲ್ಪವೇ ಇದ್ದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕಾ? – ಪುಣೆ

ಒಂದೇ ಷೇರಿದ್ದರೂ ತೋರಿಸಬೇಕು.