ಕೊಲೆಸ್ಟರಾಲ್ ಇಳಿದಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 54 ವರ್ಷ, ಶಿಕ್ಷಕಿ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 162 ಇದ್ದುದರಿಂದ ವೈದ್ಯರು ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ. ಬರೆದುಕೊಟ್ಟರು. ಮೂರು ತಿಂಗಳಲ್ಲಿ 92ಕ್ಕೆ ಇಳಿದಿದೆ, ಲ್ಯಾಬ್ ವರದಿಯಲ್ಲೂ ‘ನಾರ್ಮಲ್’ ಎಂದೇ ಇದೆ. ಈ ಮಾತ್ರೆಯಿಂದ ಲಿವರ್ ಹಾಳಾಗುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸುತ್ತಾರೆ. ಮೀನಖಂಡದಲ್ಲಿ ನೋವೂ ಇದೆ. ಮಾತ್ರೆ ಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ನೀವಾಗಿಯೇ ಬಿಡಬೇಡಿ. 162 ಇದ್ದದ್ದು 92 ಆದದ್ದು ಮಾತ್ರೆಯ ಕೆಲಸ. ರಕ್ತದಲ್ಲಿರುವ ಕೊಲೆಸ್ಟರಾಲ್‌ನ ಬಹುಪಾಲು ತಯಾರಾಗುವುದು ನಮ್ಮ ದೇಹದಲ್ಲೇ. ಸ್ಟಾಟಿನ್ (ನಿಮ್ಮ ಅಟೊರ್ವಾಸ್ಟಾಟಿನ್ ಸೇರಿದ ಔಷಧಗಳ ಗುಂಪು) ಲಿವರ್‌ನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆ ಬಿದ್ದ ಲಿವರ್ ರಕ್ತದಿಂದ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಮರಳುತ್ತದೆ.

ಇನ್ನು ಆ ‘ನಾರ್ಮಲ್’ ಎಂಬ ಮಾತು. ಲ್ಯಾಬಿನವರು ಎಲ್ಲರಿಗೂ ಒಂದೇ ಅಳತೆ ಮುದ್ರಿಸುತ್ತಾರೆ, ನಿಮಗೆ ಸಕ್ಕರೆ ಕಾಯಿಲೆ ಇರುವುದು ಆ ಕಾಗದಕ್ಕೆ ತಿಳಿಯದು. ಮಧುಮೇಹಿಗಳಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ 70ಕ್ಕಿಂತ ಕೆಳಗಿರಬೇಕೆಂದು ಹೃದ್ರೋಗ ತಜ್ಞರು ಬಯಸುತ್ತಾರೆ. ಅಂದರೆ ನೀವಿನ್ನೂ ಗುರಿ ಮುಟ್ಟಿಲ್ಲ. ಮಾತ್ರೆಯ ಪ್ರಮಾಣವನ್ನು 40ಕ್ಕೆ ಏರಿಸಿದರೆ ಸಾಕೆಂದು ಅನ್ನಿಸಬಹುದು; ಆದರೆ ಪ್ರಮಾಣ ಇಮ್ಮಡಿಸಿದರೆ ಸಿಗುವ ಹೆಚ್ಚುವರಿ ಇಳಿಕೆ ಮೂಲ ಅಂಕಿಯ ಶೇ 6ರಷ್ಟು ಮಾತ್ರ, ನಿಮ್ಮ ಲೆಕ್ಕದಲ್ಲಿ ಸುಮಾರು 10. ಅದರ ಬದಲು ಈಗಿನ ಮಾತ್ರೆಯ ಜೊತೆಗೆ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟರಾಲ್ ಮಾತ್ರೆ ಸೇರಿಸಿದರೆ ಈಗಿನ 92ರಲ್ಲಿ ಐದನೇ ಒಂದು ಭಾಗ ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಯಾವುದು ಸರಿ ಎಂದು ನಿಮ್ಮ ವೈದ್ಯರನ್ನು ಕೇಳಿ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಮೀನಖಂಡದ ನೋವು. ಸ್ಟಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆಯ ತೊಡೆ, ಮೀನಖಂಡಗಳಲ್ಲಿ, ಮಾತ್ರೆ ಶುರುವಾದ ಕೆಲ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ ನೋವು ನಡೆದಾಗ ಬಂದು, ನಿಂತೊಡನೆ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರುವ ಶಂಕೆ ಬರುತ್ತದೆ. ಮಧುಮೇಹಿಗಳಲ್ಲಿ ಇದು ಅಪರೂಪವಲ್ಲ, ಮತ್ತು ಆಗ ಸ್ಟಾಟಿನ್ ಇನ್ನಷ್ಟು ಅಗತ್ಯ! ಪಾದದ ನಾಡಿಬಡಿತ ಪರೀಕ್ಷಿಸಲು ವೈದ್ಯರಿಗೆ ಹೇಳಿ. ಥೈರಾಯ್ಡ್ ಪರೀಕ್ಷೆಯನ್ನೂ ಬಿಡಬೇಡಿ: ಅದರ ಕೊರತೆಯಿಂದ ಸ್ನಾಯುನೋವು, ಕೊಲೆಸ್ಟರಾಲ್ ಏರಿಕೆ ಎರಡೂ ಬರುತ್ತವೆ.

ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ರೋಗಿಗಳಿಗೆ ಆಗಾಗ ಹೇಳುತ್ತಿರುತ್ತೇನೆ. ಅಡ್ಡಪರಿಣಾಮವೆಂದು ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆ, ಇನ್ನು ಕೆಲವು ತಿಂಗಳು ಏನೂ ಇಲ್ಲ. ಸ್ಟಾಟಿನ್ ತಿಂದಾಗ ಆದ ತೊಂದರೆಯ ಶೇ 90ರಷ್ಟು ಹುಸಿಮಾತ್ರೆಯಲ್ಲೂ ಆಯಿತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ನೋವು ನಿಜ, ಮಾತ್ರೆಯ ಮೇಲಿನ ಆರೋಪ ಬಹುಪಾಲು ನಿಲ್ಲುವುದಿಲ್ಲ. ನಿಜವಾಗಿ ಹೆದರಬೇಕಾದ ಸ್ಥಿತಿ ತೀರಾ ವಿರಳ: ಸ್ನಾಯುಗಳಲ್ಲಿ ತೀವ್ರ ನೋವು, ಬಲಹೀನತೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು. ಆಗ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಲಿವರ್ ವಿಷಯಕ್ಕೆ ಬಂದರೆ, ಕೆಲವರಲ್ಲಿ ಕಿಣ್ವಗಳು ತುಸು ಏರುತ್ತವೆ, ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಗಂಭೀರ ಹಾನಿ ಬಹಳ ಅಪರೂಪ. ಬರೀ ಕೊಬ್ಬು ತುಂಬಿದ ಲಿವರ್ ಇದ್ದರೂ ಸ್ಟಾಟಿನ್ ಕೊಡುತ್ತೇವೆ. ರಕ್ತದ ಸಕ್ಕರೆ ಸ್ವಲ್ಪ ಏರಬಹುದೆಂಬುದು ಮಾತ್ರ ನಿಜ, ಆದರೆ ಹೃದಯಾಘಾತ ತಡೆಯುವ ಲಾಭದ ಮುಂದೆ ಅದು ಸಣ್ಣದು.

ಅಟೊರ್ವಾಸ್ಟಾಟಿನ್ ರಾತ್ರಿಯೇ ನುಂಗಬೇಕೆಂದಿಲ್ಲ, ಮರೆಯದ ಹೊತ್ತು ಯಾವುದೋ ಅದು. ಸೋಂಕಿಗೆಂದು ಯಾರಾದರೂ ಕ್ಲಾರಿಥ್ರೊಮೈಸಿನ್ ಬರೆದರೆ ಈ ಮಾತ್ರೆಯ ಹೆಸರು ಹೇಳಿ; ಎರಡೂ ಒಟ್ಟಾದರೆ ರಕ್ತದಲ್ಲಿ ಸ್ಟಾಟಿನ್ ಮಟ್ಟ ಏರುತ್ತದೆ. ಗ್ರೇಪ್‌ಫ್ರೂಟ್‌ನಿಂದಲೂ ಹಾಗೇ ಆಗುವುದರಿಂದ ಅದರ ನೆಂಟ ಚಕ್ಕೋತವನ್ನೂ ಹಿತಮಿತವಾಗಿ ತಿನ್ನಿ.