ಕೋರ್ಟಿನ ಆಚೆ ರಾಜಿ ಮಾಡ್ಸೋದನ್ನ ಕಲಿಯೋದು ಹೇಗೆ? ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಜಿ, ಮೀಡಿಯೇಶನ್, ಲೋಕ ಅದಾಲತ್ (ರಾಜಿಗೆ ಅಂತಲೇ ಕೂರೋ ಜನತಾ ನ್ಯಾಯಾಲಯ) ಬಗ್ಗೆನೇ ಇದ್ವು, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೇ ಉತ್ತರ ಬರೀತಿದೀನಿ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ಊರಲ್ಲಿ ಅಗಳದ (ತೋಟದ ಗಡಿ ಕಂದಕದ) ಜಗಳ, ನೀರಿನ ಜಗಳ, ಅಣ್ತಮ್ಮಂದಿರ ಹಿಸ್ಸೆ ಅಂದ್ರೆ ನನ್ನನ್ನೇ ಕರೀತಾರೆ. ಇದನ್ನ ಕ್ರಮವಾಗಿ ಕಲೀಬೇಕು ಅಂತ ಆಸೆ, ಆದ್ರೆ ಲಾ ಓದಿಲ್ಲ. ಆಗತ್ತಾ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಖಂಡಿತ ಆಗತ್ತೆ ಮೇಷ್ಟ್ರೇ. ಜನ ನಂಬಿ ಕರೀತಾರೆ ಅಂದ್ರೆ ಅರ್ಧ ಕೆಲ್ಸ ಆಗ್ಲೇ ಆಗಿದೆ, ಆದ್ರೆ ಉಳಿದ ಅರ್ಧಕ್ಕೆ ನಮ್ಮ ಕಟ್ಟೆ ಪಂಚಾಯ್ತಿ ಅಭ್ಯಾಸಗಳನ್ನ ಸ್ವಲ್ಪ ಬಿಡಬೇಕಾಗತ್ತೆ. ಪಂಚಾಯ್ತೀಲಿ ಹಿರೀರು ಎರಡೂ ಕಡೆ ಕೇಳಿ ತಾವೇ ತೀರ್ಪು ಹೇಳ್ತಾರೆ, ಮೀಡಿಯೇಟರ್ ತೀರ್ಪು ಹೇಳೋ ಹಾಗೇ ಇಲ್ಲ, ಇಬ್ರೂ ತಾವಾಗೇ ಒಂದು ತೀರ್ಮಾನಕ್ಕೆ ಬರೋ ತನಕ ಪ್ರಶ್ನೆ ಕೇಳ್ತಾ, ಕೇಳಿಸ್ಕೊಳ್ತಾ ಕೂತಿರಬೇಕು. ಮೂವತ್ತು ವರ್ಷ ಪಾಠ ಹೇಳಿದವ್ರಿಗೆ ಇದೇ ಕಷ್ಟ ಅನ್ಸಬಹುದು, ಯಾಕಂದ್ರೆ ಸರಿ ಉತ್ತರ ನಮಗೆ ಮೊದಲೇ ಗೊತ್ತಿರತ್ತೆ, ಬಾಯಿಗೂ ಬಂದಿರತ್ತೆ.

ಪಕ್ಷಗಾರರ ಗುಟ್ಟು ಹೊರಗೆ ಹೇಳೋ ಹಾಗಿಲ್ಲ, ಅದಕ್ಕೆ ಒಂದು ಉದಾಹರಣೆ ನಾನೇ ಕಟ್ಟಿ ಹೇಳ್ತೀನಿ. ಅಣ್ಣನ ತೋಟ ಕೆಳಗೆ, ತಮ್ಮಂದು ಮೇಲೆ, ಕಾಲುವೆ ನೀರನ್ನ ತಮ್ಮ ತಡೆದಿದಾನೆ. ಪಂಚಾಯ್ತಿ ಸೇರಿದ್ರೆ "ಅರ್ಧರ್ಧ ನೀರು ಬಿಟ್ಕೊಳಿ" ಅಂತ ಎದ್ದು ಹೋಗ್ತಾರೆ, ಮುಂದಿನ ಬೇಸಿಗೇಲಿ ಮತ್ತೆ ಅದೇ ರಾಮಾಯಣ. ಮೀಡಿಯೇಶನ್‌ನಲ್ಲಿ ಮೊದ್ಲು ಇಬ್ರನ್ನೂ ಒಟ್ಟಿಗೆ ಕೂರಿಸಿ ಮಾತಾಡ್ಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳ್ತಾರೆ. ತಮ್ಮನನ್ನ ಬೇರೆ ಕೂರಿಸಿ "ನೀರು ಬಿಟ್ರೆ ನಿಂಗೇನು ತೊಂದ್ರೆ" ಅಂತ ಕೇಳಿದ್ರೆ ಅವನು ನೀರಿನ ಮಾತೇ ಆಡಲ್ಲ, ಅಡಿಕೆ ಕೊಯ್ಲಿನಲ್ಲಿ ಗೊನೆ ಹೊರೋಕೆ ಇದ್ದ ದಾರಿಗೆ ಅಣ್ಣ ಬೇಲಿ ಹಾಕಿದ್ದು, ಅತ್ತಿಗೆ ಅಂಗಳದಲ್ಲಿ ಆಳುಗಳ ಎದುರು ಏನೋ ಅಂದಿದ್ದು ಎಲ್ಲಾ ಹೊರಗೆ ಬರತ್ತೆ. ಅಣ್ಣಂಗೆ ನೀರು ಬೇಕಾಗೋದು ಬೇಸಿಗೇಲಿ ಮಳೆ ಹಿಡಿಯೋ ತನಕ, ತಮ್ಮಂಗೆ ದಾರಿ ಬೇಕಾಗೋದು ಕೊಯ್ಲಿನ ತಿಂಗಳಲ್ಲಿ, ಒಂದಕ್ಕೊಂದು ಅಡ್ಡಾನೇ ಬರಲ್ಲ! ಆದ್ರೆ ಅವನ ಒಪ್ಪಿಗೆ ಇಲ್ದೆ ಅವನು ಹೇಳಿದ್ದನ್ನ ಅಣ್ಣಂಗೆ ದಾಟಿಸೋ ಹಾಗಿಲ್ಲ. ಒಪ್ಪಂದ ಆದ್ಮೇಲೆ ವಾರದಲ್ಲಿ ಯಾವ ದಿನ, ಎಷ್ಟೊತ್ತಿಂದ ಎಷ್ಟೊತ್ತಿಗೆ ನೀರು, ಕಾಲುವೆ ಹೂಳು ಯಾರು ತೆಗೀಬೇಕು, ಪೈಪು ಒಡೆದ್ರೆ ದುಡ್ಡು ಯಾರದ್ದು, ಇಷ್ಟೂ ಬರವಣಿಗೇಲಿ ಬರಬೇಕು. "ಹೊಂದಿಕೊಂಡು ಹೋಗತಕ್ಕದ್ದು" ಅಂತ ಬರೆದ ಒಪ್ಪಂದ ಒಂದು ಮಳೆಗಾಲವೂ ಬಾಳಲ್ಲ.

ಇನ್ನೊಂದು, ಧರ್ಮಸ್ಥಳದ ಮೇಲೆ ಸಿಗಂದೂರಿನ ಮೇಲೆ ಆಣೆ ಹಾಕ್ಸೋದು ನಮ್ಮ ಕಡೆ ಇದ್ದಿದ್ದೇ, ತೋಟಗಳಲ್ಲಿ ದೇವಿ ಕಾವಲಿನ ಬೋರ್ಡು ಕೂಡ ನೋಡಿರ್ತೀರಿ. ಜನರ ನಂಬಿಕೆ ದೊಡ್ಡದು, ಅದಕ್ಕೆ ಗೌರವ ಕೊಡ್ಬೇಕು, ಆದ್ರೆ ಮೀಡಿಯೇಟರ್ ಆಗಿ ಕೂತಾಗ ನೀವು ಆಣೆ ಹಾಕಿಸ್ಬೇಡಿ, ಭಯಕ್ಕೆ ಒಪ್ಪಿದ್ದು ಒಪ್ಪಿಗೆ ಅಲ್ಲ. ದಂಡ ಹಾಕೋದು, ಊರಿಂದ ಹೊರಗಿಡೋದು ಅಂತೂ ಕಾನೂನಿನ ಪ್ರಕಾರ ತಪ್ಪೇ. ಅತ್ಯಾಚಾರ, ಪೋಕ್ಸೋ ಅಂಥ ಕೇಸನ್ನ ಯಾರೇ ಕೈ ಮುಗಿದ್ರೂ ರಾಜಿಗೆ ತಗೋಬೇಡಿ. ಸೊಪ್ಪಿನಬೆಟ್ಟ ಹಂಚಿಕೊಡಿ ಅಂತ ಬಂದ್ರೂ ಅಷ್ಟೇ, ಅದು ಸರ್ಕಾರದ ಜಾಗ, ತೋಟದವ್ರಿಗೆ ಇರೋದು ಸೊಪ್ಪು ಸೌದೆ ತರೋ ಸವಲತ್ತು ಮಾತ್ರ. ಹಿಸ್ಸೆ ವಿಷ್ಯದಲ್ಲಿ ಮಾತು ಮುಗಿದ ಮೇಲೆ ಪಾಲುಪಟ್ಟಿ ರಿಜಿಸ್ಟರ್ ಆಗಬೇಕು, ಸರ್ವೆ ನಂಬರ್ ಒಡೀಬೇಕಾದ್ರೆ 11ಇ ನಕ್ಷೆ (ಒಡೆದ ಭಾಗದ ಸರ್ವೆ ನಕ್ಷೆ) ಬೇಕು, ಬಿಳಿ ಹಾಳೇಲಿ ಸಹಿ ಮಾಡಿಸಿ ಬಿಟ್ರೆ ಮಕ್ಕಳ ಕಾಲಕ್ಕೆ ಕೇಸಾಗತ್ತೆ.

ಎಲ್ಲಿ ಕಲಿಯೋದು ಅಂದ್ರೆ, ಕೋರ್ಟಿನ ಮೀಡಿಯೇಟರ್‌ಗಳಿಗೆ ಸುಪ್ರೀಂ ಕೋರ್ಟಿನ ಮೀಡಿಯೇಶನ್ ಸಮಿತಿ ಗೊತ್ತು ಮಾಡಿರೋ 40 ಗಂಟೆ ತರಬೇತಿ ಇದೆ, ಅದ್ರಲ್ಲಿ ಪಾಠಕ್ಕಿಂತ ರೋಲ್ ಪ್ಲೇನೇ ಹೆಚ್ಚು. ಆದ್ರೆ ಆ ಪಟ್ಟಿಗೆ ಹೆಚ್ಚಾಗಿ ವಕೀಲರನ್ನೇ ತಗೋತಾರೆ. ನಿಮಗೆ ಹತ್ತಿರದ ದಾರಿ ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೆ ಕಾನೂನು ನೆರವು ಮುಟ್ಟಿಸೋ ಸ್ವಯಂಸೇವಕ) ಆಗೋದು, ರಿಟೈರ್ಡ್ ಶಿಕ್ಷಕರೂ ಆಗಬಹುದು ಅಂತ ಆ ಸ್ಕೀಮ್‌ನಲ್ಲೇ ಇದೆ, ಲಾ ಡಿಗ್ರಿ ಬೇಡ, ತರಬೇತಿ ಅವ್ರೇ ಕೊಡ್ತಾರೆ, ಸಂಬಳ ಇಲ್ಲ ಗೌರವಧನ ಅಷ್ಟೇ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತೀಲೋ ಮುಂದಿನ ಆಯ್ಕೆ ಯಾವಾಗ ಅಂತ ವಿಚಾರಿಸಿ. 2023ರ ಮೀಡಿಯೇಶನ್ ಕಾಯ್ದೇಲಿ ಊರಿನ ನೆಮ್ಮದಿ ಕೆಡಿಸೋ ಜಗಳಗಳಿಗೆ ಮೂರು ಜನರ ಸಮುದಾಯ ಮೀಡಿಯೇಶನ್ ಅನ್ನೋದನ್ನೂ ಸೇರಿಸಿದಾರೆ, ಊರಲ್ಲಿ ಒಳ್ಳೆ ಹೆಸರಿರೋರು ಅದರಲ್ಲಿ ಕೂರಬಹುದು, ನಿಮ್ಮಂಥವರನ್ನ ಮನಸ್ಸಲ್ಲಿ ಇಟ್ಕೊಂಡೇ ಬರೆದ ಹಾಗಿದೆ. ಆದ್ರೆ ಆ ಕಾಯ್ದೆಯ ಎಲ್ಲಾ ಕಲಮು ಒಟ್ಟಿಗೆ ಜಾರಿಗೆ ಬಂದಿಲ್ಲ, 2023ರ ಅಕ್ಟೋಬರ್ 9ರಿಂದ ಬಂದಿದ್ದು ಕೆಲವು ಮಾತ್ರ, ಅದಕ್ಕೇ ಪ್ರಾಧಿಕಾರದಲ್ಲಿ ಕೇಳ್ಕೊಂಡು ಮುಂದುವರೀರಿ.

ಪ್ರಶ್ನೆ: ಅಪ್ಪನ ತೋಟದ ಪಾಲಿಗೆ ಕೇಸು ಹಾಕಿದೀನಿ. ಲೋಕ ಅದಾಲತ್‌ನಲ್ಲಿ ಇಷ್ಟು ದುಡ್ಡು ತಗೊಂಡು ಸಹಿ ಹಾಕು ಅಂತ ಅಣ್ಣಂದಿರು ಹೇಳ್ತಿದಾರೆ. ಮದುವೆಲಿ ಬಂಗಾರ ಕೊಟ್ಟಿದೀವಲ್ಲ ಅಂತಾರೆ. ಸಹಿ ಹಾಕಿದ್ಮೇಲೆ ಅಪೀಲು ಇಲ್ವಂತೆ, ಹೌದಾ? (ಹೊಸನಗರದ ಓದುಗರು)

ಉತ್ತರ: ಹೌದಮ್ಮ, ಅಪೀಲು ಇಲ್ಲ. ಲೋಕ ಅದಾಲತ್‌ನ ಅವಾರ್ಡು (ಅಲ್ಲಿ ಆಗೋ ರಾಜಿ ಆದೇಶ) ಸಿವಿಲ್ ಕೋರ್ಟ್ ಡಿಕ್ರಿಗೆ, ಅಂದ್ರೆ ತೀರ್ಪಿಗೆ ಸಮ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮು ಅದನ್ನೇ ಹೇಳೋದು. ಮೋಸ ಆಗಿದೆ ಅಂತ ಹೈಕೋರ್ಟಿಗೆ ರಿಟ್ ಹಾಕಬಹುದು, ಆದ್ರೆ ಆ ದಾರಿ ಬಹಳ ಕಿರಿದು, ಅದನ್ನ ನಂಬ್ಕೊಂಡು ಸಹಿ ಹಾಕೋ ಹಾಗಿಲ್ಲ.

ಮೊದ್ಲು ನಿಮ್ಮ ಹಕ್ಕು ಎಷ್ಟು ಅಂತ ತಿಳ್ಕೊಳಿ. ಪಿತ್ರಾರ್ಜಿತ ಆಸ್ತೀಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿದೆ. ಆ ಹಕ್ಕು ಹುಟ್ಟಿಂದಲೇ ಬಂದಿದ್ದು, 2005ರಲ್ಲಿ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದ್ಲೇ ರಿಜಿಸ್ಟರ್ ಪಾಲು ಆಗಿದ್ರೆ ಲೆಕ್ಕ ಬೇರೆ, ಅಪ್ಪನ ಸ್ವಯಾರ್ಜಿತ ಆದ್ರೂ ಬೇರೆ, ಕಾಗದ ನೋಡಿಸ್ಬೇಕು. ಬಂಗಾರ ಕೊಟ್ಟಿದ್ದಕ್ಕೆ ಪಾಲು ಮುಗೀತು ಅನ್ನೋದು ಮಾತ್ರ ಕಾನೂನಲ್ಲ. ತೋಟದ ಬೆಲೆ ಎಷ್ಟು, ನಿಮ್ಮ ಪಾಲಿಗೆ ಎಷ್ಟು ಬರತ್ತೆ ಅಂತ ಲೆಕ್ಕ ಹಾಕಿ, ಆಮೇಲೆ ಅವ್ರು ಹೇಳೋ ದುಡ್ಡನ್ನ ಅದ್ರ ಪಕ್ಕ ಇಟ್ಟು ನೋಡಿ. ಅಣ್ಣಂದಿರ ಜೊತೆ ಸಂಬಂಧ ಉಳೀಲಿ ಅಂತ ಸ್ವಲ್ಪ ಕಮ್ಮಿಗೆ ಒಪ್ಪಿದ್ರೂ ತಪ್ಪಿಲ್ಲ, ಅದು ನಿಮ್ಮಿಷ್ಟ, ಎಷ್ಟು ಬಿಟ್ಟುಕೊಡ್ತಿದೀನಿ ಅಂತ ಗೊತ್ತಿದ್ದು ಒಪ್ಪಬೇಕು ಅಷ್ಟೇ.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನ ಫ್ರೀಯಾಗಿ ಕೊಡ್ತಾರೆ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು, 15100ಕ್ಕೆ ಫೋನ್ ಮಾಡಿದ್ರೂ ಆಗತ್ತೆ. ಅದಾಲತ್‌ನಲ್ಲಿ "ನನಗೆ ಒಪ್ಪಿಗೆ ಇಲ್ಲ" ಅಂದ್ರೆ ಏನೂ ಕಳ್ಕೊಳಲ್ಲ, ಕೇಸು ವಾಪಸ್ ಕೋರ್ಟಿಗೆ ಹೋಗತ್ತೆ. ಒಪ್ಪಿ ಮುಗಿದ್ರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರತ್ತೆ. ಮೇಲೆ ಬರೆದ ಮೇಷ್ಟ್ರಿಗೂ ಇದನ್ನೇ ಹೇಳೋದಿದೆ, ರಾಜಿ ಕಲಿಯೋರು ಮೊದ್ಲು ಕಲೀಬೇಕಾದ್ದು ಕೋಣೇಲಿ ಸುಮ್ನೆ ಕೂತಿರೋರು ಯಾರು ಅಂತ ನೋಡೋದನ್ನ. ಪಾಲಿನ ಮಾತಲ್ಲಿ ಅದು ಬಹಳ ಸಲ ಮನೆ ಹೆಣ್ಮಗಳೇ ಆಗಿರ್ತಾಳೆ. ಅವಳು ಬಾಯಿ ಬಿಡದೆ ಆದ ರಾಜಿ ನನ್ನ ಪ್ರಕಾರ ರಾಜೀನೇ ಅಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಲಾ ಓದ್ತಿದೀನಿ, ಊರು ಸಾಗರ. ಆರ್ಬಿಟ್ರೇಶನ್ ಕಲಿತ್ರೆ ಬೆಂಗಳೂರಿಗೇ ಹೋಗ್ಬೇಕಾ, ಇಲ್ಲಿ ಕೆಲ್ಸ ಸಿಗಲ್ವಾ?

ಉತ್ತರ: ದೊಡ್ಡ ಕಾಂಟ್ರ್ಯಾಕ್ಟ್ ವ್ಯಾಜ್ಯಗಳ ಆರ್ಬಿಟ್ರೇಶನ್ ಹೆಚ್ಚಾಗಿ ಬೆಂಗಳೂರಲ್ಲೇ ನಡೆಯೋದು, ಅದು ನಿಜ. ಆದ್ರೆ ಆರ್ಬಿಟ್ರೇಟರ್ ಅಂದ್ರೆ ತೀರ್ಪು ಕೊಡೋರು, ಅಲ್ಲಿಗೆ ಮುಟ್ಟೋಕೆ ವರ್ಷಗಳೇ ಬೇಕು, ಮೀಡಿಯೇಶನ್ ಕೆಲ್ಸ ಮಾತ್ರ ಸಾಗರದಲ್ಲೂ ರಾಶಿ ಇದೆ. 2008ರ ಬಾರ್ ಕೌನ್ಸಿಲ್ ನಿಯಮದಲ್ಲಿ ಎಡಿಆರ್ (ಕೋರ್ಟಿನ ಆಚೆ ವ್ಯಾಜ್ಯ ಬಗೆಹರಿಸೋ ವಿಷ್ಯ) ಕಡ್ಡಾಯ ಪ್ರಾಕ್ಟಿಕಲ್ ಪೇಪರ್ರು, ಅದನ್ನ ಗೈಡ್ ಓದಿ ಮುಗಿಸ್ಬೇಡಿ. ಸಿವಿಲ್ ಪ್ರೊಸೀಜರ್ ಕೋಡಿನ 89ನೇ ಕಲಮು ಓದಿ, ಅದ್ರ ಜೊತೆಗೇ ಸುಪ್ರೀಂ ಕೋರ್ಟಿನ 2010ರ ಆಫ್‌ಕಾನ್ಸ್ ತೀರ್ಪು ಓದಿ, ಯಾವ ಕೇಸು ರಾಜಿಗೆ ಹೋಗ್ಬಹುದು ಯಾವ್ದು ಬಾರದು ಅಂತ ಅಷ್ಟು ಬಿಡಿಸಿ ಹೇಳಿದ್ದು ಬೇರೆಲ್ಲೂ ಸಿಗಲ್ಲ. ಕಮರ್ಷಿಯಲ್ ಕೇಸಲ್ಲಿ ತುರ್ತು ಪರಿಹಾರ ಕೇಳ್ದೆ ಇದ್ರೆ ದಾವೆಗೆ ಮೊದ್ಲೇ ಮೀಡಿಯೇಶನ್ ಕಡ್ಡಾಯ ಅಂತ 2022ರ ಪಾಟೀಲ್ ಆಟೋಮೇಶನ್ ತೀರ್ಪಿದೆ, ಅಡಿಕೆ ವ್ಯಾಪಾರಿಗಳ ಬಾಕಿ ವ್ಯವಹಾರ ಎಷ್ಟೋ ಇದೇ ಲೆಕ್ಕಕ್ಕೆ ಬರತ್ತೆ, ಇನ್ನು ಕೆಲ್ಸ ಇಲ್ಲ ಅನ್ನೋದು ಹೇಗೆ? ಮುಂದಿನ ರಾಷ್ಟ್ರೀಯ ಲೋಕ ಅದಾಲತ್ ದಿನ ಇಲ್ಲಿನ ಕೋರ್ಟಲ್ಲಿ ಬೆಳಗ್ಗಿಂದ ಸಂಜೆ ತನಕ ಕೂತ್ಕೊಳಿ, ಚೆಕ್ ಬೌನ್ಸು, ಆಕ್ಸಿಡೆಂಟ್ ಕ್ಲೇಮು ಹೇಗೆ ಮುಗೀತವೆ ಅಂತ ನೋಡಿ, ಯಾವ್ದು ಅವಸರದಲ್ಲಿ ಮುಗೀತು ಅನ್ನೋದನ್ನೂ ನೋಟ್ ಮಾಡ್ಕೊಳಿ.

ಪ್ರಶ್ನೆ: ಇನ್ಶೂರೆನ್ಸ್ ಕಂಪನಿ ಕ್ಲೇಮ್ ಕೊಡ್ತಿಲ್ಲ, ಕೋರ್ಟಿಗೆ ಹೋಗದೆ ದಾರಿ ಇದ್ಯಾ? (ಭದ್ರಾವತಿ)

ಉತ್ತರ: ಇದೆ. ಇನ್ಶೂರೆನ್ಸ್, ಕರೆಂಟು, ಪೋಸ್ಟು, ಆಸ್ಪತ್ರೆ ಇಂಥ ಸೇವೆಗಳಿಗೆ ಖಾಯಂ ಜನತಾ ನ್ಯಾಯಾಲಯ (ಪರ್ಮನೆಂಟ್ ಲೋಕ ಅದಾಲತ್) ಅಂತ ಇದೆ, ಅಲ್ಲಿ ಅರ್ಜಿ ಕೊಡೋದಾದ್ರೆ ಬೇರೆ ಕೋರ್ಟಿಗೆ ಹೋಗೋಕೆ ಮೊದ್ಲೇ ಕೊಡ್ಬೇಕು, ಒಂದು ಕೋಟಿ ರೂಪಾಯಿ ತನಕದ ವ್ಯಾಜ್ಯ ತಗೋತಾರೆ. ಮಾಮೂಲಿ ಲೋಕ ಅದಾಲತ್‌ನಲ್ಲಿ ಕಂಪನಿ ಒಪ್ಪದಿದ್ರೆ ಅಲ್ಲಿಗೆ ಮುಗೀತು, ಇಲ್ಲಿ ಹಾಗಲ್ಲ, ರಾಜಿ ಆಗದಿದ್ರೆ ಅವ್ರೇ ತೀರ್ಮಾನ ಕೊಡಬಹುದು. ನಿಮ್ಮ ಜಿಲ್ಲೆಯ ಅರ್ಜಿ ಯಾವ ಪೀಠಕ್ಕೆ ಹೋಗತ್ತೆ ಅಂತ ಜಿಲ್ಲಾ ಪ್ರಾಧಿಕಾರದಲ್ಲಿ ಹೇಳ್ತಾರೆ, ಪಾಲಿಸಿ ಮತ್ತೆ ಕಂಪನಿ ಕಳ್ಸಿದ ನಿರಾಕರಣೆ ಪತ್ರ ಜೊತೆಗೇ ತಗೊಂಡ್ಹೋಗಿ.