ಪೋಕರ್‌ನಲ್ಲಿ ಸೀಕ್ವೆನ್ಸ್‌ಗಿಂತ ಕಲರ್ ಯಾಕೆ ದೊಡ್ಡದು?

ತೀರ್ಥಹಳ್ಳಿಯ ಮನೆಯಲ್ಲಿ ಮಳೆಗಾಲಕ್ಕೆ ತೀನ್ ಪತ್ತಿ ಆಡಿ ಅಭ್ಯಾಸ, ಅಲ್ಲಿ ಸೀಕ್ವೆನ್ಸ್ (ಕ್ರಮವಾಗಿ ಸಾಲಾಗಿ ಬರುವ ಎಲೆಗಳು) ದೊಡ್ಡದು, ಪೋಕರ್‌ನಲ್ಲಿ ಮಾತ್ರ ಕಲರ್ (ಎಲ್ಲ ಎಲೆಯೂ ಒಂದೇ ಜಾತಿ) ಯಾಕೆ ಅದನ್ನು ಸೋಲಿಸುತ್ತದೆ ಅಂತ ಕೇಳಿದ್ದೀರಿ. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಅಪರೂಪವಾದ ಕೈಯೇ (ಎಲೆಗಳ ಜೋಡಣೆಯೇ) ದೊಡ್ಡದು, ಅಷ್ಟೇ. ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸೀಕ್ವೆನ್ಸ್) ಬಿಟ್ಟರೆ, ತೀನ್ ಪತ್ತಿಯ ಮೂರೆಲೆಯಲ್ಲಿ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಕಲರ್ 1,096 ಬಗೆಯಲ್ಲಿ. ಪೋಕರ್‌ನ ಐದೆಲೆಗೆ ಬಂದಾಗ ಲೆಕ್ಕ ತಲೆಕೆಳಗು: ಸೀಕ್ವೆನ್ಸ್ 10,200, ಕಲರ್ ಬರೀ 5,108! ನಾನೇ ಕೂತು ಲೆಕ್ಕ ಹಾಕಿದಾಗ ತುಂಬಾ ಖುಷಿಯಾಗಿತ್ತು.

ಪೋಕರ್ ಆಟ ಶುರುವಾದದ್ದು 1800ರ ನಂತರ, ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ. ಮಿಸಿಸಿಪ್ಪಿ ನದಿಯ ಸ್ಟೀಮರ್‌ಗಳಲ್ಲಿ ಊರೂರಿಗೆ ಹಬ್ಬಿತು. ಆಗ ಇದ್ದದ್ದು 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನೀವು ಕೇಳಿದ ಸೀಕ್ವೆನ್ಸ್ ಆಮೇಲೆ ಸೇರಿಕೊಂಡದ್ದು.

ಕಲಿಯೋದಕ್ಕೆ ಪೋಕರ್‌ನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್ ಹಿಡಿಯಿರಿ. ಕೈಗೆ ಎರಡೇ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ತೀನ್ ಪತ್ತಿಯ ಹಾಗೆ ಮೂರು ಒಂದೇ ಎಲೆ ಬಂದರೆ ಎಲ್ಲಕ್ಕಿಂತ ದೊಡ್ಡದು ಅಂದುಕೊಳ್ಳಬೇಡಿ, ಇಲ್ಲಿ ಅದು ಸೀಕ್ವೆನ್ಸ್‌ಗಿಂತಲೂ ಕೆಳಗೆ. ದುಡ್ಡು ಬೇಡ, ಹುಣಸೆ ಬೀಜ ಇಟ್ಟು ಆಡಿ.